ಮುಖ ತಿರುಗಿಸುವವರೂ ಕಣ್ಣು ಕೀಳದ ಸಿನಿಮಾ

ಪ್ರಶ್ನೆ: ನನಗೆ ರಕ್ತ ಕಂಡರೆ ಆಗುವುದಿಲ್ಲ. ಸಿನಿಮಾದಲ್ಲಿ ಆಪರೇಷನ್ ದೃಶ್ಯ ಬಂದರೂ ಮುಖ ತಿರುಗಿಸುತ್ತೇನೆ. ಹಾಗಿದ್ದೂ ಮೊನ್ನೆ ತಮ್ಮನ ಒತ್ತಾಯಕ್ಕೆ 2018ರ ‘ಓವರ್‌ಲಾರ್ಡ್’ ನೋಡಿದೆ. ಎರಡನೇ ಮಹಾಯುದ್ಧದ ಫ್ರಾನ್ಸ್, ಚರ್ಚಿನ ಕೆಳಗೆ ನಾಜಿಗಳ ಪ್ರಯೋಗಶಾಲೆ, ಸತ್ತವರನ್ನು ಎಬ್ಬಿಸುವ ಇಂಜೆಕ್ಷನ್, ಲಟಲಟ ಮುರಿಯುವ ಮೂಳೆಗಳು. ಕೊನೆಯವರೆಗೂ ಕಣ್ಣು ಕೀಳಲಿಲ್ಲ. ಮುಗಿದಾಗ ಖುಷಿಯಾಗಿತ್ತು, ರಾತ್ರಿ ಮಲಗುವಾಗ ನಾಚಿಕೆಯಾಯಿತು. ಕೋಟಿಗಟ್ಟಲೆ ಜನ ನಿಜವಾಗಿ ಸತ್ತ ಯುದ್ಧವನ್ನು ಹೀಗೆ ರಂಜನೆಗೆ ಬಳಸಿದ್ದನ್ನು ನಾನು ಹೇಗೆ ಮೆಚ್ಚಿದೆ? ಇಂಥದ್ದರಲ್ಲಿ ಏನಿದೆ? ದೋಷ ನನ್ನಲ್ಲೇ ಇದೆಯೇ? ಈಗ ಹದಿಮೂರು ವರ್ಷದ ಮಗನೂ ನೋಡುತ್ತೇನೆಂದು ಹಟ ಹಿಡಿದಿದ್ದಾನೆ. ತೋರಿಸಬಹುದೇ?

ಉತ್ತರ:

ದೋಷದ ಮಾತನ್ನು ಮೊದಲೇ ಮುಗಿಸಿಬಿಡೋಣ. ನಿಮ್ಮಲ್ಲಿ ಯಾವ ದೋಷವೂ ಇಲ್ಲ. ಎದುರಿಗಿದ್ದರೆ ನೋಡಲಾಗದ್ದನ್ನು ಚಿತ್ರದಲ್ಲಿ ನೋಡಿ ಸುಖಿಸುವುದು ಮನುಷ್ಯನ ಬಹಳ ಹಳೆಯ ಸ್ವಭಾವ. ಹೆಣದ ಚಿತ್ರವನ್ನೂ ಜನ ಆಸೆಯಿಂದ ನೋಡುತ್ತಾರೆ ಎಂಬುದನ್ನು ಅರಿಸ್ಟಾಟಲ್ ಕ್ರಿ.ಪೂ. 4ನೇ ಶತಮಾನದಲ್ಲೇ ಗಮನಿಸಿದ್ದ. ನಮ್ಮ ಭರತಮುನಿ ಜುಗುಪ್ಸೆಯನ್ನು, ಅಂದರೆ ಹೇಸಿಗೆಯನ್ನು, ರಸಗಳಿಗೆ ಮೂಲವಾದ ಸ್ಥಾಯಿಭಾವಗಳ ಸಾಲಿನಲ್ಲಿ ಕೂರಿಸಿ, ಬೀಭತ್ಸಕ್ಕೆ ಶೃಂಗಾರ, ವೀರಗಳ ಪಕ್ಕದಲ್ಲೇ ರಸದ ಪಟ್ಟ ಕೊಟ್ಟ. ಬೀಭತ್ಸದಿಂದ ಭಯಾನಕ ಹುಟ್ಟುತ್ತದೆ, ವೀರದಿಂದ ಅದ್ಭುತ ಹುಟ್ಟುತ್ತದೆ ಎಂದೂ ನಾಟ್ಯಶಾಸ್ತ್ರ ಹೇಳುತ್ತದೆ. ನೀವು ನೋಡಿದ ಸಿನಿಮಾ ಈ ನಾಲ್ಕನ್ನೂ ಒಂದೇ ರಾತ್ರಿಯ ಕಥೆಯೊಳಗೆ ತುಂಬಿದೆ. ಕನ್ನಡದ ಓದುಗರಿಗೆ ಇದು ಹೊಸತೂ ಅಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಕುರುಕ್ಷೇತ್ರದ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವ ಭಾಗವನ್ನು ನೆನಪಿಸಿಕೊಳ್ಳಿ. ಹರಿಯುವ ನೆತ್ತರು, ಕೆಡೆದ ಆನೆಗಳು, ಅರಸನನ್ನೇ ಹಂಗಿಸುವ ಮರುಳುಗಳು, ಅಂದರೆ ಪಿಶಾಚಿಗಳು. ಯುದ್ಧ, ರಕ್ತ, ಪಿಶಾಚಿ ಮೂರೂ ಅಲ್ಲಿವೆ, ಸಾವಿರ ವರ್ಷದಿಂದ ಅದನ್ನು ಓದಿ ಮೆಚ್ಚುತ್ತಲೇ ಬಂದಿದ್ದೇವೆ.

ಹೀಗಂದ ಮಾತ್ರಕ್ಕೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮಾಮೂಲಿ ಯುದ್ಧದ ಸಿನಿಮಾದಲ್ಲೂ ರಕ್ತವಿರುತ್ತದೆ, ಮಾಮೂಲಿ ದೆವ್ವದ ಸಿನಿಮಾದಲ್ಲೂ ಭಯವಿರುತ್ತದೆ. ಇವೆರಡನ್ನೂ ಬೆಸೆದಾಗ ಬೇರೊಂದೇ ಸೆಳೆತ ಯಾಕೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು.

ಮೊದಲ ಹತ್ತು ನಿಮಿಷವನ್ನು ಮತ್ತೆ ಕಣ್ಣ ಮುಂದೆ ತಂದುಕೊಳ್ಳಿ. ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕಿಳಿದ ಡಿ-ಡೇಗೆ ಮುಂಚಿನ ರಾತ್ರಿ, ಪ್ಯಾರಾಟ್ರೂಪರ್‌ಗಳನ್ನು, ಅಂದರೆ ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕರನ್ನು ತುಂಬಿಕೊಂಡ ವಿಮಾನ. ಕೆಲವರು ಹರಟುತ್ತಿದ್ದಾರೆ, ಒಬ್ಬರನ್ನೊಬ್ಬರು ಕೆಣಕುತ್ತಿದ್ದಾರೆ, ಕೆಲವರು ಬಾಯಿ ಬಿಡುತ್ತಿಲ್ಲ. ಕೆಳಗಿನಿಂದ ವಿಮಾನ ನಿರೋಧಕ ಗುಂಡುಗಳು ಶುರುವಾಗುತ್ತವೆ. ವಿಮಾನದ ತಗಡು ತೂತಾಗುತ್ತದೆ, ಬೆಂಕಿ ಹತ್ತುತ್ತದೆ, ಈಗಷ್ಟೇ ಪರಿಚಯವಾದ ಮುಖಗಳು ಒಂದೊಂದಾಗಿ ಇಲ್ಲವಾಗುತ್ತವೆ. ಕ್ಯಾಮೆರಾ ಹೆಚ್ಚಾಗಿ ಬಾಯ್ಸ್ ಎಂಬ ಹುಡುಗನನ್ನೇ ಹಿಡಿದುಕೊಂಡಿರುತ್ತದೆ. ಅವನಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಇಲ್ಲಿ ದೆವ್ವವೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ನನ್ನ ಮಟ್ಟಿಗೆ ಇಡೀ ಸಿನಿಮಾದ ಅತಿ ಭಯಾನಕ ಭಾಗ ಇದೇ. ಯಾಕೆಂದರೆ ಇಲ್ಲಿನ ಸಾವಿಗೆ ಲೆಕ್ಕವಿಲ್ಲ. ಧೈರ್ಯವಂತ ಉಳಿಯುತ್ತಾನೆ, ಹೇಡಿ ಸಾಯುತ್ತಾನೆ ಎಂಬ ನಿಯಮ ನಡೆಯುವುದಿಲ್ಲ. ಗುಂಡು ಯಾರನ್ನೂ ಗುರಿಯಿಟ್ಟು ಬಂದದ್ದಲ್ಲ. ನೆಲ ಮುಟ್ಟಿದ ಮೇಲೂ ಅಷ್ಟೇ, ಮಾತಾಡುತ್ತ ನಡೆಯುತ್ತಿದ್ದ ಒಬ್ಬ ನೆಲಬಾಂಬಿನ ಮೇಲೆ ಕಾಲಿಡುತ್ತಾನೆ. ಆಡುತ್ತಿದ್ದ ಮಾತು ಅಲ್ಲಿಗೇ ನಿಲ್ಲುತ್ತದೆ.

ನಿಜವಾದ ಆ ರಾತ್ರಿಯೂ ಹೀಗೇ ಇತ್ತು. 1944ರ ಜೂನ್ 6ರ ನಸುಕಿಗೂ ಮುಂಚೆ ಸುಮಾರು 13,000 ಅಮೆರಿಕನ್ ಪ್ಯಾರಾಟ್ರೂಪರ್‌ಗಳು ನಾರ್ಮಂಡಿಯ ಕೊತಾಂತಾಂ ಪರ್ಯಾಯದ್ವೀಪದ ಮೇಲೆ ಹಾರಿದರು. ಮೋಡ ಮತ್ತು ಗುಂಡಿನ ಸುರಿಮಳೆಗೆ ಸಿಕ್ಕಿ ಸಿ-47 ವಿಮಾನಗಳ ಸಾಲು ಚದುರಿತು, ಎಷ್ಟೋ ಜನ ಗುರಿಯಿಂದ ಮೈಲುಗಟ್ಟಲೆ ದೂರ ಬಿದ್ದರು. ಜರ್ಮನ್ನರು ಬೇಕೆಂದೇ ನೀರು ನುಗ್ಗಿಸಿ ಕೆರೆಯಂತೆ ಮಾಡಿದ್ದ ಗದ್ದೆಗಳಲ್ಲಿ ಬಿದ್ದ ಕೆಲವರು ಬೆನ್ನ ಮೇಲಿನ ಹೊರೆಯ ಭಾರಕ್ಕೆ ಏಳಲಾಗದೆ ಮುಳುಗಿ ಸತ್ತರು. ಶತ್ರುವಿನ ಮುಖವನ್ನೂ ನೋಡದೆ ಸತ್ತರು.

ಇಂಥ ಸಾವನ್ನು ಕಥೆಯಾಗಿ ಹೇಳುವುದು ಬಲು ಕಷ್ಟ. ಕಥೆಗೆ ಕಾರಣ ಬೇಕು, ಎದುರಾಳಿ ಬೇಕು. ಫಿರಂಗಿಯ ಜೊತೆ ಯಾರು ಜಗಳವಾಡುತ್ತಾರೆ? ಹಾರರ್ ಕೈ ಹಾಕುವುದು ಇಲ್ಲಿಯೇ. ಮುಖವಿಲ್ಲದ ಸಾವಿಗೆ ಅದು ಒಂದು ಮುಖ ಕೊಡುತ್ತದೆ. ಚರ್ಚಿನ ಕೆಳಗಿನ ಕೋಣೆಗೆ ಇಳಿಯುವ ಹೊತ್ತಿಗೆ, ವಿಮಾನದಲ್ಲಿ ನಮ್ಮನ್ನು ಅಲ್ಲಾಡಿಸಿದ ಆ ಆಕಾರವಿಲ್ಲದ ಭಯ ಒಂದು ಮೈಯಾಗಿ ನಿಂತಿರುತ್ತದೆ. ಅದಕ್ಕೆ ಮಾಡಿದವನಿದ್ದಾನೆ, ಮಾಡುವ ಜಾಗವಿದೆ. ಅಲ್ಲಿಂದ ಆಕ್ಷನ್ ತನ್ನ ಕೆಲಸ ಶುರು ಮಾಡುತ್ತದೆ. ವಿಮಾನದಲ್ಲಿ ಬಾಯ್ಸ್‌ಗೆ ಮಾಡಲು ಏನೂ ಇರಲಿಲ್ಲ, ಬೀಳುವುದೊಂದೇ ಇತ್ತು. ಸುರಂಗದಲ್ಲಿ ಅವನು ಓಡಬಹುದು, ಅಡಗಬಹುದು, ಒಬ್ಬನನ್ನು ಉಳಿಸಬಹುದು, ಎಲ್ಲವನ್ನೂ ಸ್ಫೋಟಿಸಬಹುದು. ನಿಮಗಾದ ಖುಷಿಯ ಬಹುಪಾಲು ಈ ಬದಲಾವಣೆಯಿಂದ ಬಂದದ್ದು. ಕೈಕಟ್ಟಿ ಕೂತ ಭಯಕ್ಕೆ ಕೈಗಳು ಬಂದವು.

ಹಾಗಾದರೆ ಇಷ್ಟೊಂದು ರಕ್ತ ಯಾಕೆ, ಭಯವೊಂದೇ ಸಾಲದೆ? ಈ ಜಾತಿಯ ಸಿನಿಮಾವನ್ನು ನಾನು ಸಮರ್ಥಿಸುವುದೇ ಇಲ್ಲಿ. ರಕ್ತ ಕಾಣದ ಯುದ್ಧದ ಸಿನಿಮಾಗಳನ್ನು ನಾವೆಲ್ಲ ನೋಡಿದ್ದೇವೆ. ಗುಂಡು ತಗುಲಿದವನು ಎದೆ ಹಿಡಿದು ನೀಟಾಗಿ ಬೀಳುತ್ತಾನೆ, ಮುಂದಿನ ಶಾಟ್‌ಗೆ ಕಥೆ ಅವನನ್ನು ಮರೆತಿರುತ್ತದೆ. ಅಂಥ ಸಾವು ಮಕ್ಕಳಿಗೂ ಸಲೀಸಾಗಿ ಜೀರ್ಣವಾಗುತ್ತದೆ. ನನಗೆ ನಿಜವಾಗಿ ಅಪಾಯಕಾರಿ ಅನಿಸುವುದು ಅದು. ಮೈ ಅನ್ನುವುದು ಒಡೆಯುವ ವಸ್ತು, ಒಡೆದರೆ ನೋಯುತ್ತದೆ, ಆ ನೋವಿಗೆ ಹೊತ್ತು ಹಿಡಿಯುತ್ತದೆ ಎಂಬುದನ್ನು ನೋಡುವವನ ಹೊಟ್ಟೆಗೆ ಮುಟ್ಟಿಸುವುದು ಬೀಭತ್ಸದ ಕೆಲಸ.

ಬಾಯ್ಸ್‌ನ ಜೊತೆಗಾರ ಚೇಸ್ ಸಾಯುವ ದೃಶ್ಯವನ್ನೇ ತೆಗೆದುಕೊಳ್ಳಿ. ಅವನು ಕ್ಯಾಮೆರಾ ಹಿಡಿದು ಬಂದ ಫೋಟೋಗ್ರಾಫರ್, ಹೋರಾಟಕ್ಕಿಂತ ನೋಡುವುದಕ್ಕೆ ಬಂದವನು. ಗುಂಡೇಟಿಗೆ ಸಾಯುತ್ತಾನೆ. ಬಾಯ್ಸ್‌ಗೆ ಅವನನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಪ್ರಯೋಗಶಾಲೆಯಿಂದ ತಂದ ಇಂಜೆಕ್ಷನ್ ಚುಚ್ಚುತ್ತಾನೆ. ಚೇಸ್ ಎದ್ದು ಕೂರುತ್ತಾನೆ! ಮಾತಾಡುತ್ತಾನೆ. ಸಿನಿಮಾ ಅಲ್ಲಿ ಆತುರ ಮಾಡುವುದಿಲ್ಲ, ಬದುಕಿದನಲ್ಲ ಎಂದು ನಮಗೂ ಅನಿಸುವಷ್ಟು ಹೊತ್ತು ಕೊಡುತ್ತದೆ. ಆಮೇಲೆ ಕತ್ತು ಹಿಂದಕ್ಕೆ ವಾಲುತ್ತದೆ, ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲದೆ ಇನ್ನೂ ವಾಲುತ್ತದೆ, ಒಳಗಿನಿಂದ ಮೂಳೆ ಮುರಿಯುವ ಸದ್ದು ಕೇಳುತ್ತದೆ. ಎಬ್ಬಿಸಿದ ಗೆಳೆಯರೇ ಅವನನ್ನು ಮತ್ತೆ ಕೊಲ್ಲಬೇಕಾಗುತ್ತದೆ. ಆ ದೃಶ್ಯದಲ್ಲಿ ನೀವು ಕಣ್ಣು ಕೀಳದೆ ಇದ್ದದ್ದು ರಕ್ತದ ಆಸೆಗಲ್ಲ. ಸತ್ತ ಗೆಳೆಯ ಎದ್ದು ಬರಲಿ ಎಂದು ಯುದ್ಧದಲ್ಲಿ ಯಾರನ್ನಾದರೂ ಕಳೆದುಕೊಂಡ ಪ್ರತಿಯೊಬ್ಬರೂ ಬಯಸಿರುತ್ತಾರೆ. ಆ ಬಯಕೆ ಈಡೇರಿದರೆ ಏನಾಗುತ್ತದೆ ಎಂದು ಸಿನಿಮಾ ತೋರಿಸುತ್ತಿತ್ತು, ನಿಮಗೆ ತಿಳಿಯಬೇಕಿತ್ತು.

ಈ ಬೆಸುಗೆಯನ್ನು ಇತ್ತೀಚಿನವರು ಕಂಡುಹಿಡಿದದ್ದೂ ಅಲ್ಲ. ಸಿನಿಮಾದ ಹಾರರ್ ಬೆಳೆದದ್ದೇ ಮೊದಲ ಮಹಾಯುದ್ಧದ ನೆರಳಲ್ಲಿ. 1919ರಲ್ಲಿ ಫ್ರಾನ್ಸಿನ ಅಬೆಲ್ ಗಾನ್ಸ್ ತನ್ನ ಯುದ್ಧದ ಚಿತ್ರವೊಂದರಲ್ಲಿ ಸತ್ತ ಸೈನಿಕರು ರಣಭೂಮಿಯಿಂದ ಎದ್ದು ಊರಿಗೆ ನಡೆದು ಬರುವುದನ್ನು ತೋರಿಸಿದ. ಆ ಹೆಣಗಳ ಪಾತ್ರ ಮಾಡಿದವರು ರಜೆಯ ಮೇಲೆ ಬಂದಿದ್ದ ನಿಜವಾದ ಸೈನಿಕರು. ಅವರಲ್ಲಿ ಹೆಚ್ಚಿನವರು ಮತ್ತೆ ರಣರಂಗಕ್ಕೆ ಹೋಗಿ ಕೆಲವೇ ವಾರಗಳಲ್ಲಿ ಸತ್ತರೆಂದು ಗಾನ್ಸ್ ಮುಂದೆ ಹೇಳಿದ್ದಾನೆ. 1922ರಲ್ಲಿ ರಕ್ತಪಿಶಾಚಿಯನ್ನು ಪರದೆಗೆ ತಂದ ಜರ್ಮನಿಯ ಮುರ್ನೌ ಆ ಯುದ್ಧದಲ್ಲಿ ವಿಮಾನ ಹಾರಿಸಿದವನು. ಹೆಣಗಳ ತುಂಡುಗಳನ್ನು ಹೊಲಿದು ಮಾಡಿದ ಮನುಷ್ಯನನ್ನು 1931ರಲ್ಲಿ ಹಾಲಿವುಡ್‌ನಲ್ಲಿ ಎಬ್ಬಿಸಿ ನಿಲ್ಲಿಸಿದ ಜೇಮ್ಸ್ ವೇಲ್, ಬ್ರಿಟಿಷ್ ಸೇನೆಯ ಅಧಿಕಾರಿಯಾಗಿ ಸೆರೆಸಿಕ್ಕು ಜರ್ಮನ್ ಶಿಬಿರದಲ್ಲಿದ್ದವನು. ಅದೇ ಯುದ್ಧದಲ್ಲಿ ಮುಖ ಕಳೆದುಕೊಂಡ ಸೈನಿಕರಿಗೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಸರ್ಜನ್ ಹೆರಾಲ್ಡ್ ಗಿಲೀಸ್ ಹೊಸ ಮೂಗು, ದವಡೆ ಕಟ್ಟಿಕೊಡುತ್ತಿದ್ದ. ಓವರ್‌ಲಾರ್ಡ್‌ನಲ್ಲಿ ನಾಜಿ ಅಧಿಕಾರಿ ವಾಫ್ನರ್ ಅರ್ಧ ಮುಖ ಹರಿದುಹೋಗಿಯೂ ನಿಂತು ಮಾತಾಡುವುದನ್ನು ನೋಡುವಾಗ ನನಗೆ ಆ ಆಸ್ಪತ್ರೆಯ ಹಳೆಯ ಫೋಟೋಗಳು ನೆನಪಿಗೆ ಬರುತ್ತವೆ. ಹಾರರ್‌ನ ಎಷ್ಟೋ ಆಕಾರಗಳನ್ನು ಯುದ್ಧವೇ ಮೊದಲು ಮಾಡಿತ್ತು.

ಕೈಕೆಲಸದ ಮಟ್ಟದಲ್ಲೂ ಈ ನಂಟು ಮುಂದುವರಿದಿದೆ. ಅಮೆರಿಕದ ಹಾರರ್ ಸಿನಿಮಾಗಳ ಹೆಸರಾಂತ ಮೇಕಪ್ ಕಲಾವಿದ ಟಾಮ್ ಸವಿನಿ ವಿಯೆಟ್ನಾಂ ಯುದ್ಧದಲ್ಲಿ ಸೇನೆಯ ಫೋಟೋಗ್ರಾಫರ್ ಆಗಿದ್ದ. ಗಾಯ ಹೇಗಿರುತ್ತದೆಂದು ಲೆನ್ಸ್ ಮೂಲಕ ನೋಡಿ ಬಂದವನು. ಅವನಿಗಿಂತ ಹಿರಿಯನಾದ ಡಿಕ್ ಸ್ಮಿತ್ ಕಾರ್ನ್ ಸಿರಪ್‌ಗೆ ಬಣ್ಣ ಬೆರೆಸಿ, ಚರ್ಮದ ಮೇಲೆ ನಿಜದ ರಕ್ತದಂತೆಯೇ ಇಳಿಯುವ ರಕ್ತವನ್ನು ರೂಪಿಸಿದ. ಆ ಸೂತ್ರವನ್ನು ಮುಂದಿನವರು ದಶಕಗಳ ಕಾಲ ಬಳಸಿದರು. ಮೂಳೆ ಮುರಿಯುವ ಸದ್ದಿಗೆ ಸೌಂಡ್ ಕಲಾವಿದರು ಹಿಂದಿನಿಂದಲೂ ಮೈಕಿನ ಮುಂದೆ ಸೆಲರಿ ದಂಟು ಮುರಿಯುತ್ತಾರೆ. ಕಂಪ್ಯೂಟರ್‌ನಲ್ಲಿ ಎಲ್ಲವನ್ನೂ ಮಾಡಬಹುದಾದ ಈ ಕಾಲದಲ್ಲೂ ಒಳ್ಳೆಯ ನಿರ್ದೇಶಕರು ಮೇಕಪ್ ಮತ್ತು ಪ್ರಾಸ್ಥೆಟಿಕ್ಸ್ (ಮೈಗೆ ಅಂಟಿಸುವ ನಕಲಿ ಚರ್ಮ, ಗಾಯ) ಬಿಡುವುದಿಲ್ಲ. ನಟನ ಮೈಗೆ ಅಂಟಿದ ಗಾಯದ ಮೇಲೆ ಅದೇ ಕೋಣೆಯ ಬೆಳಕು ಬೀಳುತ್ತದೆ, ಎದುರಿನ ನಟ ಅದನ್ನು ಕಣ್ಣಾರೆ ನೋಡಿ ಹಿಂಜರಿಯುತ್ತಾನೆ. ಆ ಹಿಂಜರಿಕೆ ನಮಗೆ ಅಂಟಿಕೊಳ್ಳುತ್ತದೆ.

ಮೈಯೊಳಗೆ ನಡೆಯುವುದನ್ನು ಮನಶ್ಶಾಸ್ತ್ರಜ್ಞರೂ ಅಳೆದು ನೋಡಿದ್ದಾರೆ, ಅದನ್ನು ಚುಟುಕಾಗಿ ಹೇಳುತ್ತೇನೆ. ಅಪಾಯವಿಲ್ಲವೆಂದು ಮನಸ್ಸಿಗೆ ಗೊತ್ತಿದ್ದೂ ಮೈ ಹೆದರಿಕೊಂಡಾಗ, ಆ ವ್ಯತ್ಯಾಸವೇ ಸುಖ ಕೊಡುತ್ತದೆ ಎಂದು ಅಮೆರಿಕದ ಪಾಲ್ ರೋಜಿನ್ ವಿವರಿಸಿದ್ದಾರೆ. ಭಯದಿಂದ ಏರಿದ ಎದೆಬಡಿತ ತಕ್ಷಣ ಇಳಿಯುವುದಿಲ್ಲ, ನಾಯಕ ಪಾರಾದಾಗ ಆಗುವ ಸಮಾಧಾನವನ್ನು ಅದು ಇನ್ನಷ್ಟು ಹಿಗ್ಗಿಸುತ್ತದೆ ಎಂಬುದು ಡಾಲ್ಫ್ ಜಿಲ್ಮನ್ ಅವರ ಸಿದ್ಧಾಂತ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯ ಆಟಕ್ಕೆ ಬಂದವರ ಎದೆಬಡಿತ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಯ ತೀರಾ ಕಡಿಮೆಯಾದರೂ ಮಜಾ ಇಲ್ಲ, ತೀರಾ ಹೆಚ್ಚಾದರೂ ಇಲ್ಲ ಎಂದು ಕಂಡುಬಂತು. ತಮ್ಮನ ಒತ್ತಾಯಕ್ಕೆ ನೋಡಿದೆನೆಂದು ಬರೆದಿದ್ದೀರಿ, ಪಕ್ಕದಲ್ಲಿ ಅವನೂ ಕೂತಿದ್ದಿರಬೇಕು. ಒಬ್ಬರೇ ಇದ್ದಿದ್ದರೆ ನಿಮಗೆ ಆ ಹದ ಮೀರಿ ಹೋಗುತ್ತಿತ್ತೇನೋ.

ಈಗ ನಿಮ್ಮ ನಾಚಿಕೆಯ ವಿಷಯ. ಅದನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುರುಳಿದೆ. ಚರ್ಚಿನ ಕೆಳಗಿನ ಆ ಕೋಣೆ ಕಲ್ಪನೆಯಾದರೂ ಅದರ ಬೇರು ನಿಜವಾದದ್ದು. 1942ರಲ್ಲಿ ಡಾಖಾವ್ ಎಂಬ ಸೆರೆಶಿಬಿರದಲ್ಲಿ ನಾಜಿ ವೈದ್ಯರು ಕೈದಿಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿಟ್ಟು ಎಷ್ಟು ಹೊತ್ತಿಗೆ ಸಾಯುತ್ತಾರೆಂದು ಬರೆದುಕೊಂಡರು. ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಪೋಲೆಂಡಿನ ಹೆಣ್ಣುಮಕ್ಕಳ ಕಾಲು ಸೀಳಿ, ಗಾಯಕ್ಕೆ ರೋಗಾಣು ತುಂಬಿ, ಔಷಧ ಕೆಲಸ ಮಾಡುತ್ತದೋ ನೋಡಿದರು. ಅಂದು ಜರ್ಮನ್ನರ ಕೈಯಲ್ಲಿದ್ದ ಅಲ್ಸಾಸ್ ಪ್ರಾಂತ್ಯದ ನಾಟ್ಸ್‌ವೈಲರ್ ಶಿಬಿರದಲ್ಲಿ 1943ರಲ್ಲಿ 86 ಯಹೂದಿಗಳನ್ನು ಕೊಂದದ್ದು, ಒಬ್ಬ ಪ್ರೊಫೆಸರ್‌ಗೆ ಅಸ್ಥಿಪಂಜರಗಳ ಸಂಗ್ರಹ ಬೇಕಾಗಿತ್ತು ಎಂಬ ಕಾರಣಕ್ಕೆ. ಸೈನಿಕನನ್ನು ದಣಿವಿಲ್ಲದ ಯಂತ್ರ ಮಾಡುವ ಆಸೆಯೂ ಕಲ್ಪನೆಯಲ್ಲ. 1940ರ ಏಪ್ರಿಲ್‌ನಿಂದ ಜುಲೈವರೆಗೆ ಜರ್ಮನ್ ಸೇನೆಗೆ, ವಾಯುಪಡೆಗೆ ಮೆಥಾಂಫೆಟಮೈನ್ ಎಂಬ ಉತ್ತೇಜಕ ಮದ್ದಿನ 3.5 ಕೋಟಿಗೂ ಹೆಚ್ಚು ಮಾತ್ರೆಗಳು ಹೋದವು. ಶಿಬಿರಗಳ ಪ್ರಯೋಗಗಳಿಗಾಗಿ ವೈದ್ಯರು, ಅಧಿಕಾರಿಗಳು ಸೇರಿ 23 ಮಂದಿಯ ಮೇಲೆ 1946ರ ಡಿಸೆಂಬರ್ 9ರಂದು ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಶುರುವಾಯಿತು. 16 ಜನ ತಪ್ಪಿತಸ್ಥರೆಂದು ತೀರ್ಮಾನವಾಗಿ, 7 ಜನರನ್ನು ಗಲ್ಲಿಗೇರಿಸಿದರು. ಪ್ರಯೋಗಕ್ಕೆ ಒಳಗಾಗುವವರ ಸ್ವಇಚ್ಛೆಯ ಒಪ್ಪಿಗೆ ಬೇಕೇ ಬೇಕು ಎಂಬ ನಿಯಮ ಆ ತೀರ್ಪಿನಲ್ಲೇ ಬರೆಯಲ್ಪಟ್ಟಿತು.

ಇದನ್ನೆಲ್ಲ ತಿಳಿದವರು ಓವರ್‌ಲಾರ್ಡ್ ನೋಡಿದಾಗ ಎರಡು ಕಡೆ ತಡೆಯುತ್ತದೆ. ಒಂದು, ಸಿನಿಮಾದ ಇಂಜೆಕ್ಷನ್ ಕೆಲಸ ಮಾಡುತ್ತದೆ. ಸತ್ತವನು ಏಳುತ್ತಾನೆ, ಬಲ ಬರುತ್ತದೆ. ನಿಜದಲ್ಲಿ ಆ ಪ್ರಯೋಗಗಳಲ್ಲಿ ಹೆಚ್ಚಿನವು ವಿಜ್ಞಾನವಾಗಿಯೂ ಕೆಲಸಕ್ಕೆ ಬಾರದವಾಗಿದ್ದವು. ಅವು ಏನನ್ನೂ ಎಬ್ಬಿಸಲಿಲ್ಲ, ಬರೀ ಕೊಂದವು. ನಾಜಿ ವೈದ್ಯರಿಗೆ ಇಲ್ಲದ ಗೆಲುವನ್ನು, ದೈತ್ಯ ಪ್ರತಿಭೆಯನ್ನು ಈ ಜಾತಿಯ ಸಿನಿಮಾಗಳು ದಾನ ಮಾಡುತ್ತವೆ. ನನಗೆ ಇದು ರಕ್ತಕ್ಕಿಂತ ಹೆಚ್ಚು ಕಸಿವಿಸಿ ಕೊಡುತ್ತದೆ. ಎರಡನೆಯದು, ಯಾರ ಮೇಲೆ ಈ ಕ್ರೌರ್ಯ ನಡೆಯಿತೋ ಅವರು ಕಥೆಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಫ್ರೆಂಚ್ ಹಳ್ಳಿಯವರು ಸಿಗುತ್ತಾರೆ, ಅಮೆರಿಕನ್ ಸೈನಿಕರು ಸಿಗುತ್ತಾರೆ, ಯಹೂದಿಗಳ ನರಮೇಧದ ಮಾತು ಮಾತ್ರ ಬದಿಗೆ ಸರಿದಿದೆ.

ಸಿನಿಮಾದ ಸೈನ್ಯದಲ್ಲಿ ಬಾಯ್ಸ್‌ನಂಥ ಕಪ್ಪು ಸೈನಿಕರೂ ಬಿಳಿ ಸೈನಿಕರೂ ಒಂದೇ ತಂಡದಲ್ಲಿರುವುದು ಅಂದಿನ ವಾಸ್ತವವಲ್ಲ. ಆಗ ಅಮೆರಿಕದ ಸೇನೆಯಲ್ಲಿ ಇಬ್ಬರನ್ನೂ ಬೇರೆಬೇರೆ ಇಡುತ್ತಿದ್ದರು. 555ನೇ ಪ್ಯಾರಾಚೂಟ್ ಬೆಟಾಲಿಯನ್ನಿನ ಕಪ್ಪು ಸೈನಿಕರನ್ನು ಯುರೋಪಿನ ಯುದ್ಧಕ್ಕೆ ಕಳಿಸಲೇ ಇಲ್ಲ. 1945ರಲ್ಲಿ ಅವರು ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಕಾಳ್ಗಿಚ್ಚು ಆರಿಸಲು ಹಾರಿದರು. ಈ ಪ್ರತ್ಯೇಕತೆಯನ್ನು ಕೊನೆಗೊಳಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರಲ್ಲಿ. ಆದರೂ ಬಾಯ್ಸ್‌ನ ಪಾತ್ರವನ್ನು ನಾನು ಬಿಟ್ಟುಕೊಡುವುದಿಲ್ಲ. ಜನಾಂಗದ ಶ್ರೇಷ್ಠತೆಯ ಹುಚ್ಚಿನಲ್ಲಿ ಕಟ್ಟಿದ ಆ ಕೋಣೆಯೊಳಗೆ ಒಬ್ಬ ಕಪ್ಪು ಹುಡುಗನ ಕಣ್ಣಿನಿಂದ ನಮ್ಮನ್ನು ಇಳಿಸಿದ್ದು ಸರಿಯಾದ ಆಯ್ಕೆ.

ಹಾಗಿದ್ದರೆ ಇಂಥ ಸಿನಿಮಾ ನೋಡಿ ಮೆಚ್ಚಬಹುದೋ ಬೇಡವೋ? ನಾನು ನೋಡುವುದು ಒಂದೇ: ರಕ್ತ ಹರಿದಾಗ ಸಿನಿಮಾ ನಮ್ಮಿಂದ ಏನು ಕೇಳುತ್ತದೆ? ಚಪ್ಪಾಳೆಯನ್ನೋ, ಹಿಂಜರಿಕೆಯನ್ನೋ? ಅಟ್ಟದ ಮೇಲೆ ಕಟ್ಟಿಹಾಕಿದ ವಾಫ್ನರ್‌ನನ್ನು ಬಾಯ್ಸ್‌ನ ತಂಡದ ಮುಖ್ಯಸ್ಥ ಫೋರ್ಡ್ ಬಾಯಿ ಬಿಡಿಸಲು ಹೊಡೆಯುವ ದೃಶ್ಯವಿದೆ. ವಾಫ್ನರ್ ಎಂಥ ನೀಚನೆಂದು ಅಷ್ಟರಲ್ಲಿ ನಮಗೆ ಗೊತ್ತಾಗಿದೆ, ಅವನಿಗೆ ಬಿದ್ದ ಏಟು ನಮಗೆ ಖುಷಿ ಕೊಡಬೇಕಿತ್ತು. ಸಿನಿಮಾ ಆ ಖುಷಿಯನ್ನು ಪೂರ್ತಿ ಕೊಡುವುದಿಲ್ಲ. ಇಲಿಯನ್ನೂ ಕೊಲ್ಲಲಾರದವನೆಂದು ಜೊತೆಗಾರರಿಂದ ಅನಿಸಿಕೊಂಡಿದ್ದ ಬಾಯ್ಸ್ ಅಲ್ಲಿ ನಿಂತು ನೋಡುತ್ತಾನೆ, ಅವನಿಗೆ ಅದು ಒಪ್ಪಿಗೆಯಿಲ್ಲ. ಅವರಷ್ಟೇ ಕೊಳಕಾಗದೆ ಅವರನ್ನು ಗೆಲ್ಲಲಾಗದು ಎಂಬುದು ಫೋರ್ಡ್‌ನ ವಾದ. ಕೊನೆಗೆ ಅದೇ ಫೋರ್ಡ್ ಆ ಇಂಜೆಕ್ಷನ್ ತಾನೇ ಚುಚ್ಚಿಕೊಂಡು, ಅದು ತಮ್ಮ ಸೈನ್ಯದ ಕೈಗೂ ಸಿಗಬಾರದೆಂದು ಒಳಗೇ ಉಳಿಯುತ್ತಾನೆ. ಇಬ್ಬರ ಈ ಜಗಳವೇ ಸಿನಿಮಾದ ಬೆನ್ನೆಲುಬು ಎಂಬುದು ನನ್ನ ಅಭಿಪ್ರಾಯ. ನಾಜಿಗಳನ್ನು ಕೊಚ್ಚುವುದನ್ನೇ ಎರಡು ಗಂಟೆ ತೋರಿಸಿ ಕೇಕೆ ಹಾಕಿಸುವ ಸಿನಿಮಾಗಳೂ ಇವೆ. ಅವುಗಳನ್ನು ನೋಡಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ನಿಮಗೆ ರಾತ್ರಿ ನಾಚಿಕೆಯಾಯಿತೆಂದರೆ ಈ ಸಿನಿಮಾ ಅಷ್ಟು ಅಗ್ಗದ್ದಲ್ಲ, ನೀವು ಅದನ್ನು ನೋಡಿದ ರೀತಿಯೂ ಅಗ್ಗದ್ದಲ್ಲ.

ಮಗನ ವಿಷಯ. ಈಗ ಬೇಡ. ಅಮೆರಿಕದಲ್ಲಿ ಇದಕ್ಕೆ ಆರ್ ರೇಟಿಂಗ್ ಇದೆ, ಅಂದರೆ 17 ತುಂಬದವರು ದೊಡ್ಡವರ ಜೊತೆಯಲ್ಲಿ ಮಾತ್ರ ಥಿಯೇಟರಿಗೆ ಹೋಗಬಹುದು. ರಕ್ತ ಎಷ್ಟಿದೆ ಎಂಬುದಕ್ಕಿಂತ ಕೆಲವು ಚಿತ್ರಗಳ ಬಗ್ಗೆ ನನಗೆ ಚಿಂತೆ. ಪ್ರಯೋಗಶಾಲೆಯಲ್ಲಿ ಮೈಯಿಲ್ಲದೆ ಬರೀ ತಲೆ, ಬೆನ್ನುಹುರಿ ಉಳಿದ ಹೆಂಗಸು ಬೇಡಿಕೊಳ್ಳುವ ಶಾಟ್ ದೊಡ್ಡವರಿಗೇ ದಿನಗಟ್ಟಲೆ ಬಿಡದು. ಕ್ಲೋಯಿ ಎಂಬ ಹಳ್ಳಿಯ ಹುಡುಗಿಯನ್ನು ವಾಫ್ನರ್ ಬೆದರಿಸಿ ಮೈಮೇಲೆ ಬೀಳಲು ಬರುವ ದೃಶ್ಯವೂ ಹದಿಮೂರರ ಹುಡುಗನಿಗೆ ಸುಲಭದ್ದಲ್ಲ. ಬರೀ ‘ಬೇಡ’ ಅಂದರೆ ಗೆಳೆಯರ ಫೋನಿನಲ್ಲಿ ತುಂಡುತುಂಡಾಗಿ ನೋಡಿಬಿಡುತ್ತಾನೆ, ಕಥೆಯಿಲ್ಲದೆ ಬರೀ ಗಾಯಗಳನ್ನು ನೋಡಿದಂತಾಗುತ್ತದೆ. ಕಥೆಯನ್ನು ನೀವೇ ಕೂತು ಹೇಳಿ. ವಿಮಾನದ ಭಾಗವನ್ನು ಚೆನ್ನಾಗಿ ಹಿಗ್ಗಿಸಿ ಹೇಳಿ, ಆ ರಾತ್ರಿ ನಿಜವಾಗಿ ಹಾರಿದವರ ಬಗ್ಗೆ, ರಾವೆನ್ಸ್‌ಬ್ರೂಕ್‌ನಲ್ಲಿ ಬದುಕುಳಿದು ಮುಂದೆ ನ್ಯೂರೆಂಬರ್ಗ್‌ಗೆ ಬಂದು ಸಾಕ್ಷಿ ಹೇಳಿದ ಪೋಲಿಷ್ ಹೆಣ್ಣುಮಕ್ಕಳ ಬಗ್ಗೆ ಹೇಳಿ. ಅವನು ಪ್ರಶ್ನೆ ಕೇಳುತ್ತಾನೆ. ಮೂರು ನಾಲ್ಕು ವರ್ಷ ಬಿಟ್ಟು ಸಿನಿಮಾ ಹಾಕಿ, ಪಕ್ಕದಲ್ಲಿ ನೀವೂ ಇರಿ, ತಮ್ಮನನ್ನೂ ಕರೆಯಿರಿ.